ಉತ್ತರ: ಹಳೆಯ ಜಪಾನಿ ಹಾಡು, ಯುಕುಲೆಲೆ, ನಟನೆ

ಪುಟ್ಟ ಗಿಟಾರ್‌ನಂತಿರುವ ನಾಲ್ಕು ತಂತಿಯ ಯುಕುಲೆಲೆ ಹಿಡಿದು ಹಳೆಯ ಜಪಾನಿ ಹಾಡುಗಳನ್ನು ಹಾಡಬೇಕು, ಮುಂದೆ ರಂಗಭೂಮಿಗೂ ಇಳಿಯಬೇಕು, ಆದರೆ ನುಡಿಸುತ್ತ ಹಾಡಿದರೆ ಎರಡೂ ಹದ ತಪ್ಪುತ್ತವೆ ಎಂದು ಬರೆದಿದ್ದೀರಿ. ಮೊದಲು ಯಾರ ಹಾಡು ಕೇಳಲಿ ಎಂದೂ ಕೇಳಿದ್ದೀರಿ. ನಾನು ಹೇಳುವುದು ಒಂದೇ ಹೆಸರು: ಜಪಾನಿನ ಗಾಯಕ, ನಟ ಕತ್ಸುಹಿಕೊ ಹೈದಾ.

ಅವರು 1911ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಜಪಾನಿಗೆ ಬಂದು, ಅಣ್ಣ ಹರುಹಿಕೊ ಅವರ ಜೊತೆ ಹವಾಯಿ ಸಂಗೀತವನ್ನು ಅಲ್ಲಿ ಬೇರೂರಿಸಿದರು. 1940ರ ಒಂದು ಚಿತ್ರದಲ್ಲಿ ಹದಿಹರೆಯದ ನಟಿ ಹಿದೆಕೊ ತಕಮಿನೆಯ ಜೊತೆ ಬೇಸ್‌ಬಾಲ್ ಆಟಗಾರನ ಪಾತ್ರ ಮಾಡಿದರು. ಅದೇ ಚಿತ್ರದ 'ಕಿರಾಮೆಕು ಸೇಯಿಜಾ' ಹಾಡು ಮನೆಮಾತಾಯಿತು. ಎರಡನೆಯ ಮಹಾಯುದ್ಧ ಬಿಗಿಯಾದಾಗ ಹವಾಯಿ ಸಂಗೀತವೂ ಶತ್ರುದೇಶದ್ದೆಂದು ನಿಷೇಧಕ್ಕೆ ಸಿಕ್ಕಿತು. ಆದರೂ 1942ರ 'ಸುಜುಕಾಕೆ ನೊ ಮಿಚಿ'ಯಂತಹ ಹಾಡುಗಳು ಉಳಿದುಕೊಂಡವು. ಅದಕ್ಕೆ ಸ್ವರ ಹಾಕಿದವರು ಅಣ್ಣ ಹರುಹಿಕೊ. ಮೊದಲು ಅದನ್ನೇ ಕೇಳಿ.

ಈಗ ಕೈಗೆ ಬರೋಣ. ಆ ಕಾಲದ ಬಹಳಷ್ಟು ಜಪಾನಿ ಜನಪ್ರಿಯ ಹಾಡುಗಳಲ್ಲಿ ಮಧ್ಯಮ, ನಿಷಾದಗಳನ್ನು ಬಿಟ್ಟ ಐದು ಸ್ವರಗಳ ಮೇಳವಿದೆ. ಸ ರಿ ಗ ಪ ದ, ಅಂದರೆ ನಮ್ಮ ಮೋಹನ ರಾಗದ ಸ್ವರಗಳೇ. ಯುಕುಲೆಲೆಯ ನಾಲ್ಕು ತಂತಿಗಳನ್ನು ಜಿ, ಸಿ, ಇ, ಎ ಎಂದು ಶ್ರುತಿ ಮಾಡುತ್ತೇವಲ್ಲ, ಸಿ ಯನ್ನು ಷಡ್ಜವೆಂದು ಹಿಡಿದರೆ ಅವು ಪ, ಸ, ಗ, ದ ಆಗುತ್ತವೆ. ಏನನ್ನೂ ಒತ್ತದೆ ನಾಲ್ಕು ಸ್ವರ ಸಿಕ್ಕಿತು! ಉಳಿದ ರಿಷಭ ಸಿ ತಂತಿಯ ಎರಡನೆಯ ಫ್ರೆಟ್‌ನಲ್ಲಿದೆ (ಫ್ರೆಟ್ ಎಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ), ಮೇಲಿನ ಷಡ್ಜ ಎ ತಂತಿಯ ಮೂರನೆಯ ಫ್ರೆಟ್‌ನಲ್ಲಿ. ಕಾರ್ಡ್‌ಗಳಿಗೆ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಮೀಟುವ ಗುಂಪುಗಳಿಗೆ, ಹೋಗುವ ಮೊದಲು ಹಾಡಿನ ಮಟ್ಟನ್ನು ಒಂದೊಂದೇ ತಂತಿ ಮೀಟಿ ಹುಡುಕಿ. ಕಿವಿಗೆ ಹಾಡು ಹತ್ತುವುದು ಹೀಗೆಯೇ.

ನಂತರ ಸಿ, ಎಫ್, ಜಿ7, ಎ ಮೈನರ್ ಎಂಬ ನಾಲ್ಕು ಕಾರ್ಡ್‌ಗಳು ಸಾಕು. ಮೂಲ ಧ್ವನಿಮುದ್ರಣದ ವಾದ್ಯವೃಂದವನ್ನೆಲ್ಲ ನಾಲ್ಕು ತಂತಿಗಳಲ್ಲಿ ತುಂಬಲು ಹೋಗಬೇಡಿ, ಹದ ತಪ್ಪುವುದು ಬಹುಪಾಲು ಅಲ್ಲಿಯೇ. ಮೊದಲು ಒಂದು ಆವರ್ತಕ್ಕೆ ಒಂದೇ ಸಲ, ಹೆಬ್ಬೆರಳಿನ ಮಾಂಸಲ ಭಾಗದಿಂದ ಮೀಟಿ ಹಾಡಿ. ಮಾತು ನಿಲ್ಲುವ ಕಡೆ ಮಾತ್ರ ಇನ್ನೊಂದು ಮೀಟು ಸೇರಿಸಿ. ಯುಕುಲೆಲೆಯ ನಾದ ಬೇಗ ಅಡಗುತ್ತದೆ, ಆ ಖಾಲಿ ಜಾಗ ದನಿಗೆ ಸೇರಿದ್ದು. ಸಿ ಶ್ರುತಿ ನಿಮ್ಮ ಗಂಟಲಿಗೆ ಒಗ್ಗದಿದ್ದರೆ ಕೇಪೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಬಳಸಿ. ಎರಡನೆಯ ಫ್ರೆಟ್‌ಗೆ ಹಾಕಿದರೆ ಷಡ್ಜ ಡಿ ಗೆ ಏರುತ್ತದೆ, ಬೆರಳುಗಳ ಆಕಾರ ಬದಲಾಗುವುದಿಲ್ಲ.

ನಟನೆಗೆಂದು ಬೇರೆ ಸಮಯಕ್ಕೆ ಕಾಯಬೇಡಿ. ಹಾಡಿನ ಸಾಹಿತ್ಯದ ಅರ್ಥ ತಿಳಿದುಕೊಂಡು, ವಾದ್ಯ ಕೆಳಗಿಟ್ಟು, ಎದುರಿಗೆ ಯಾರೋ ನಿಂತಿದ್ದಾರೆ ಎಂಬಂತೆ ಮಾತಾಗಿ ಹೇಳಿ. ಎಲ್ಲಿ ಉಸಿರು ತೆಗೆದುಕೊಂಡಿರಿ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಹಾಡುವಾಗಲೂ ಅಲ್ಲೇ ತೆಗೆದುಕೊಳ್ಳಿ. ಎಡಗೈ ನೋಡದೆ ಕಾರ್ಡ್ ಬದಲಿಸಲು ಬರುವವರೆಗೆ ಹೊಸ ಹಾಡು ಹಿಡಿಯಬೇಡಿ ಎಂಬುದು ನನ್ನ ಹಟ. ಕಣ್ಣು ಫ್ರೆಟ್‌ಗಳ ಮೇಲಿದ್ದರೆ ಮುಖದಲ್ಲಿ ಪಾತ್ರ ಮೂಡುವುದಿಲ್ಲ, ಪ್ರೇಕ್ಷಕರಿಗೆ ಕಾಣುವುದು ನಿಮ್ಮ ನೆತ್ತಿ ಮಾತ್ರ.

ಕೇಪೊ ಯಾವ ಫ್ರೆಟ್‌ನಲ್ಲಿ ಹಿತವೆನಿಸಿತು ಎಂದು ಇಲ್ಲಿಯೇ ತಿಳಿಸಿ. ಆ ಶ್ರುತಿಗೆ ಹೊಂದುವಂತೆ ಒಂದು ಹಾಡಿನ ಕಾರ್ಡ್‌ಗಳನ್ನು ಸಾಲುಸಾಲಾಗಿ ಬರೆದು ಹಾಕುತ್ತೇನೆ.