ಪಿಇ ಬರೀ ಆರು, ಅಗ್ಗ ಅಲ್ವಾ?

ಅಮೆರಿಕದ ಆರ್‌ವಿ ಡೀಲರ್ ಷೇರುಗಳ ಬಗ್ಗೆ, ಅಂದರೆ ಮಲಗಲು ಮಂಚ, ಒಲೆ ಎಲ್ಲ ಇರುವ ಪ್ರವಾಸಿ ವಾಹನ ಮಾರುವ ಕಂಪನಿಗಳ ಬಗ್ಗೆ, ನನಗೆ ಬರುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ವೇಷ ಮಾತ್ರ ಬೇರೆ ಬೇರೆ. ಈ ಸಲ ಜಾಗವೆಲ್ಲ ಅದಕ್ಕೇ. ಪಿಇ ಎಂದರೆ ಷೇರಿನ ಬೆಲೆ ಅದರ ಒಂದು ವರ್ಷದ ಗಳಿಕೆಯ ಎಷ್ಟು ಪಟ್ಟು ಎಂಬ ಲೆಕ್ಕ. ಅದಕ್ಕಿಂತ ಹೆಚ್ಚು ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: 2021ರ ಕೊನೆಗೆ ಕ್ಯಾಂಪಿಂಗ್ ವರ್ಲ್ಡ್ ಷೇರಿನ ಪಿಇ ಆರೇಳು ಇತ್ತು. ಅಷ್ಟು ಅಗ್ಗಕ್ಕೆ ಸಿಗುತ್ತಿದ್ದ ಷೇರು ಆಮೇಲೆ ಬಿದ್ದಿದ್ದು ಯಾಕೆ? ಇಂಥ ಕಂಪನಿಗೆ ಎಷ್ಟು ಪಟ್ಟು ಕೊಡಬಹುದು?

ಅದು ಅಗ್ಗವೇ ಆಗಿರಲಿಲ್ಲ. ಷೇರಿನ ಬೆಲೆ ಸುಮಾರು 40 ಡಾಲರ್, ಗಳಿಕೆ ಷೇರಿಗೆ 6 ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಭಾಗಾಕಾರ ಸರಿಯಾಗೇ ಇದೆ. ತಪ್ಪಿದ್ದು ಆ 6 ಡಾಲರ್ ಪ್ರತಿ ವರ್ಷ ಬರುತ್ತದೆ ಎಂದುಕೊಂಡಿದ್ದು.

ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲ್ ಬೇಡ ಎಂದ ಜನ ಆರ್‌ವಿಗೆ ಮುಗಿಬಿದ್ದರು. ಬಡ್ಡಿಯೂ ಕಡಿಮೆ ಇತ್ತು. 2019ರಲ್ಲಿ ಕಾರ್ಖಾನೆಗಳಿಂದ ಹೊರಟ ಆರ್‌ವಿಗಳು ಸುಮಾರು 4.06 ಲಕ್ಷ, 2021ರಲ್ಲಿ 6 ಲಕ್ಷ, 2023ರಲ್ಲಿ 3.13 ಲಕ್ಷ. ಕ್ಯಾಂಪಿಂಗ್ ವರ್ಲ್ಡ್‌ನ ನಿವ್ವಳ ಲಾಭ 2021ರಲ್ಲಿ 64 ಕೋಟಿ ಡಾಲರ್. ಮರುವರ್ಷ 35 ಕೋಟಿ, 2023ರಲ್ಲಿ 5 ಕೋಟಿ ಚಿಲ್ಲರೆ, 2024ರಲ್ಲಿ ಸುಮಾರು 8 ಕೋಟಿ ನಷ್ಟ. ಇಲ್ಲಿ ಒಂದು ವಿಷಯ ನೋಡಿ. 2021ರಲ್ಲಿ ಸುಮಾರು 690 ಕೋಟಿ ಡಾಲರ್ ಇದ್ದ ವಹಿವಾಟು 2024ರಲ್ಲೂ 610 ಕೋಟಿ ಇತ್ತು. ವಹಿವಾಟು ಇಷ್ಟೇ ಇಳಿದರೂ ಲಾಭ ಪೂರ್ತಿ ಮಾಯ.

ಹೇಗೆ ಅಂತೀರಾ? ಒಂದು ಟ್ರೇಲರ್, ಅಂದರೆ ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಆರ್‌ವಿ, ತೆಗೆದುಕೊಳ್ಳೋಣ. ಈ ಅಂಕಿಗಳು ನನ್ನ ಉದಾಹರಣೆ, ಯಾವ ಕಂಪನಿಯದ್ದೂ ಅಲ್ಲ. ಡೀಲರ್‌ಗೆ ಬಿದ್ದ ಬೆಲೆ 30,000 ಡಾಲರ್. ಒಳ್ಳೆಯ ಕಾಲದಲ್ಲಿ ಗಿರಾಕಿ ಚೌಕಾಸಿ ಮಾಡದೆ 40,000 ಕೊಟ್ಟ. ಮಳಿಗೆ ಬಾಡಿಗೆ, ಸಂಬಳ, ಕಮಿಷನ್ ಎಲ್ಲ ಸೇರಿ 5,000. ಡೀಲರ್ ಈ ಗಾಡಿ ತಂದಿದ್ದು ಸ್ವಂತ ದುಡ್ಡಲ್ಲಲ್ಲ, ಫ್ಲೋರ್ ಪ್ಲಾನ್ ಸಾಲದಲ್ಲಿ. ಗಾಡಿ ಮಾರಾಟವಾಗುವ ತನಕ ಬಡ್ಡಿ ಓಡುತ್ತಿರುತ್ತದೆ. ಶೇ 2.5ರ ದರದಲ್ಲಿ 60 ದಿನ ನಿಂತರೆ 123 ಡಾಲರ್. ಕೈಗೆ ಉಳಿದಿದ್ದು 4,877.

ಈಗ ಕೆಟ್ಟ ಕಾಲ. ಅದೇ ಟ್ರೇಲರ್ 36,000ಕ್ಕೆ ಹೋಯಿತು, ಬೆಲೆ ಇಳಿದಿದ್ದು ಶೇ 10 ಮಾತ್ರ. ಖರ್ಚು ಅದೇ 5,000. ಗಾಡಿ 200 ದಿನ ಬಿಸಿಲಲ್ಲಿ ನಿಂತಿತ್ತು, ಬಡ್ಡಿ ಶೇ 7.5 ಆಗಿತ್ತು. ಬಡ್ಡಿಯೇ 1,233 ಡಾಲರ್, ಮೊದಲಿನ ಹತ್ತು ಪಟ್ಟು. ಲೆಕ್ಕ ಮುಗಿಸಿದರೆ ಡೀಲರ್‌ಗೆ 233 ಡಾಲರ್ ಕೈಯಿಂದ ಹೋಗಿದೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ನ ಬಡ್ಡಿ ದರ 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರ ಇತ್ತು. 2023ರ ಜುಲೈಗೆ ಶೇ 5.25–5.50ಕ್ಕೆ ಏರಿತ್ತು. ಇಂಥ ವ್ಯಾಪಾರದ ಒಂದು ವರ್ಷದ ಗಳಿಕೆ ಹಿಡಿದು ಕಂಪನಿಗೆ ಬೆಲೆ ಕಟ್ಟುವುದು, ಜಾತ್ರೆ ದಿನದ ಗಲ್ಲಾ ನೋಡಿ ಅಂಗಡಿ ಕೊಂಡ ಹಾಗೆ.

ನಾನೂ ಕೊಂಡಿದ್ದೇನೆ ಬಿಡಿ. ಯಾವ ಕಂಪನಿ ಅಂತ ಹೇಳುವುದಿಲ್ಲ. ಪಿಇ ಐದು ಅಂತ ಬೀಗಿಕೊಂಡು ತೆಗೆದುಕೊಂಡೆ. ಒಂದು ವರ್ಷ ಕಳೆಯುವಷ್ಟರಲ್ಲಿ ಬೆಲೆ ಅರ್ಧ ಆಯಿತು, ಪಿಇ ಮೂವತ್ತು ಆಯಿತು. ಈ ಧಂದೆಯಲ್ಲಿ ಪಿಇ ತೀರಾ ಕಡಿಮೆ ಕಂಡರೆ ಅಂದಿನಿಂದ ನನಗೆ ಭಯ.

ಹಾಗಾದರೆ ಏನು ಮಾಡಬೇಕು? ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡನ್ನೂ ಸೇರಿಸಿ ಸರಾಸರಿ ತೆಗೆಯಿರಿ. 2021ರಿಂದ 2024ರ ನಾಲ್ಕು ವರ್ಷಕ್ಕೆ ಅದು ಸುಮಾರು 24 ಕೋಟಿ ಡಾಲರ್. 2021 ಮತ್ತೆ ಬರುವ ವರ್ಷವಲ್ಲ ಎಂದು ಅದನ್ನು ತೆಗೆದಿಟ್ಟರೆ 11 ಕೋಟಿ. ಮಾಮೂಲಿ ವರ್ಷದ ಲಾಭ ಇವೆರಡರ ನಡುವೆ ಎಲ್ಲೋ ಇದೆ. 64ರ ಹತ್ತಿರವಂತೂ ಇಲ್ಲ. 2021ರ ಕೊನೆಗೆ ಇಡೀ ಕಂಪನಿಗಿದ್ದ ಬೆಲೆಯನ್ನು ಆ 24 ಕೋಟಿಯ ಪಕ್ಕ ಇಟ್ಟು ನೋಡಿ. ನೀವು ಆರು ಪಟ್ಟು ಎಂದಿದ್ದು ಹದಿನಾಲ್ಕು ಪಟ್ಟು ದಾಟುತ್ತದೆ.

ಎಷ್ಟು ಪಟ್ಟು ಕೊಡಬಹುದು ಎಂಬುದಕ್ಕೆ ನನ್ನ ಉತ್ತರ: ಮಾಮೂಲಿ ವರ್ಷದ ಗಳಿಕೆಗೆ 10, ತುಂಬಾ ಇಷ್ಟವಾದರೆ 12. ಸರ್ವಿಸ್, ಗುಡ್ ಸ್ಯಾಮ್ (ಕ್ಯಾಂಪಿಂಗ್ ವರ್ಲ್ಡ್‌ನ ಆರ್‌ವಿ ಕ್ಲಬ್) ಸದಸ್ಯತ್ವ, ವಿಮೆ ಇಂಥವುಗಳ ಗಳಿಕೆ ಅಷ್ಟು ಏರಿಳಿಯುವುದಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಕೊಟ್ಟರೆ ತಪ್ಪಿಲ್ಲ. ಇದು ಜಿಪುಣತನ ಅನ್ನುವವರಿದ್ದಾರೆ. ಅನ್ನಲಿ.

ವಿಡಿಯೊ ಗುರುಗಳ ಲೆಕ್ಕ ಬೇರೆ. "ಇಪಿಎಸ್ (ಷೇರಿಗೆ ಗಳಿಕೆ) 6, ಮಾರುಕಟ್ಟೆಯ ಪಿಇ 15, ಆದ್ದರಿಂದ ಟಾರ್ಗೆಟ್ 90." ಇದನ್ನು ವಿಶ್ಲೇಷಣೆ ಎಂದು ಮಾರುತ್ತಾರೆ. ಮೂರನೇ ಕ್ಲಾಸಿನ ಗುಣಾಕಾರಕ್ಕೆ ಫೀಸು ಕೊಡಬೇಡಿ.

ಪ್ರಶ್ನೆ: ಪಿಇ ಬೇಡ ಅಂದರೆ ಇವಿ–ಎಬಿಟ್ಡಾ ನೋಡಬಹುದಾ? ಆದರೆ ಷೇರುಗಳ ಅಂಕಿಅಂಶ ತೋರಿಸುವ ಸ್ಕ್ರೀನರ್‌ನಲ್ಲಿ ಸಾಲ ರಾಶಿ ಬಿದ್ದಿದೆ.

ನೋಡಬಹುದು, ಆದರೆ ಎಚ್ಚರ. ಇವಿ ಎಂದರೆ ಸಾಲವೂ ಸೇರಿದ ಕಂಪನಿಯ ಬೆಲೆ, ಎಬಿಟ್ಡಾ ಎಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಗಳಿಕೆ. ಸಾಲದ ಆ ರಾಶಿಯಲ್ಲಿ ದೊಡ್ಡ ಪಾಲು ಫ್ಲೋರ್ ಪ್ಲಾನ್. ಕ್ಯಾಂಪಿಂಗ್ ವರ್ಲ್ಡ್ ಫ್ಲೋರ್ ಪ್ಲಾನ್ ಬಡ್ಡಿಯನ್ನು ಮಾಮೂಲಿ ಖರ್ಚಿನಂತೆ ಕಳೆದೇ ಎಬಿಟ್ಡಾ ತೋರಿಸುತ್ತದೆ. ಬಡ್ಡಿ ಅಲ್ಲಿ ಕಳೆದ ಮೇಲೆ ಅದರ ಅಸಲನ್ನು ಇವಿಗೆ ಸೇರಿಸಿದರೆ ಒಂದೇ ಸಾಲಕ್ಕೆ ಎರಡು ಸಲ ಶಿಕ್ಷೆ. ಸೇರಿಸಲೇಬೇಕು ಎನ್ನುವುದಾದರೆ ಬಡ್ಡಿಯನ್ನೂ ಎಬಿಟ್ಡಾಗೆ ವಾಪಸ್ ಕೂಡಿಸಿ. ಉಳಿದ ದೀರ್ಘಾವಧಿ ಸಾಲವನ್ನು ಮಾತ್ರ ಬಿಡಬೇಡಿ, ಅದು ನಿಜವಾದ ಸಾಲವೇ.

ಪ್ರಶ್ನೆ: ಎರಡು ವೆಬ್‌ಸೈಟಿನಲ್ಲಿ ಕ್ಯಾಂಪಿಂಗ್ ವರ್ಲ್ಡ್‌ಗೆ ಎರಡು ಮಾರುಕಟ್ಟೆ ಮೌಲ್ಯ ಇದೆ. ಯಾವುದು ಸರಿ?

ದೊಡ್ಡದು. ಪೇಟೆಯಲ್ಲಿ ಓಡಾಡುವ ಕ್ಲಾಸ್ ಎ ಷೇರಲ್ಲದೆ, ಒಳಗಿನ ಎಲ್‌ಎಲ್‌ಸಿಯಲ್ಲಿ, ಅಂದರೆ ವ್ಯಾಪಾರ ನಡೆಸುವ ಅಂಗಸಂಸ್ಥೆಯಲ್ಲಿ, ಹಳೇ ಮಾಲೀಕರ ಪಾಲೂ ಇದೆ. ಪೂರ್ತಿ ಲಾಭ ಹಿಡಿದು ಅರ್ಧ ಷೇರಿನಿಂದ ಭಾಗಿಸಿದರೆ ಯಾವ ಕಂಪನಿಯೂ ಅಗ್ಗವೇ.

ಪ್ರಶ್ನೆ: ಜೂನ್ ತ್ರೈಮಾಸಿಕದ ಗಳಿಕೆಗೆ ನಾಲ್ಕರಿಂದ ಗುಣಿಸಿದರೆ ವರ್ಷದ ಅಂದಾಜು ಸಿಗುತ್ತದಲ್ಲವೇ?

ಇಲ್ಲ. ಚಳಿಗಾಲದಲ್ಲಿ ಟ್ರೇಲರ್ ಕೊಳ್ಳಲು ಎಷ್ಟು ಜನ ಬರುತ್ತಾರೆ?

ಪ್ರಶ್ನೆ: ಥಾರ್, ವಿನ್ನೆಬಾಗೊ ಪಿಇ ಜೊತೆ ಹೋಲಿಸಬಹುದೇ?

ಅವರು ಗಾಡಿ ಮಾಡುವವರು, ಇವರು ಮಾರುವವರು. ಬೇಡ.

ಪ್ರಶ್ನೆ: ಡಿವಿಡೆಂಡ್ ಚೆನ್ನಾಗಿದ್ದರೆ ಬೆಲೆ ಬಿದ್ದರೂ ಚಿಂತೆ ಇಲ್ಲ ಅಲ್ವಾ?

2023ರಲ್ಲಿ ಕ್ಯಾಂಪಿಂಗ್ ವರ್ಲ್ಡ್ ತ್ರೈಮಾಸಿಕ ಡಿವಿಡೆಂಡನ್ನು 62.5 ಸೆಂಟ್‌ನಿಂದ 12.5 ಸೆಂಟ್‌ಗೆ ಇಳಿಸಿತು.

ಪ್ರಶ್ನೆ: ಇನ್ನೊಂದು ಆರ್‌ವಿ ಡೀಲರ್ ಲೇಜಿಡೇಸ್‌ನ ಪಿಇ ಮೈನಸ್ ಬರುತ್ತಿತ್ತು. ಅಂದರೆ ಇನ್ನೂ ಅಗ್ಗ ಅಂತಲೇ?

ಮೈನಸ್ ಎಂದರೆ ನಷ್ಟ. ಈ ಪ್ರಶ್ನೆ ನಾಲ್ಕು ಸಲ ಬಂದಿದೆ. ಐದನೇ ಸಲ ಕಳಿಸಬೇಡಿ.