ರಾತ್ರಿ ಎಂಟರ ಹೊತ್ತಿಗೆ ಸರ್ವೆ ರೋವರ್ ಏಕೆ ಕೈಕೊಡುತ್ತದೆ?

ಯಾದಗಿರಿ ಕಡೆ ಜಮೀನು ಅಳೆಯುವ ನೀವು ಕೇಳಿದ್ದು ಇಷ್ಟು: ಮಾರ್ಚ್ ತಿಂಗಳು, ಶುಭ್ರ ಆಕಾಶ, ಸುತ್ತ ಒಂದು ಮರವೂ ಇಲ್ಲ, ಆದರೂ ರಾತ್ರಿ ಎಂಟರ ಸುಮಾರಿಗೆ ರೋವರ್‌ನ (ಕಂಬದ ಮೇಲೆ ಕೂರಿಸಿ ಅಳೆಯುವ ಯಂತ್ರದ) ಜಿಪಿಎಸ್ ತಪ್ಪುತ್ತದೆ, ಮಷಿನ್ ಕೆಟ್ಟಿದೆಯೇ?

ಬಹುಶಃ ಕೆಟ್ಟಿಲ್ಲ. ಇದೇ ಅನುಮಾನದಲ್ಲಿ ನಾನು ಎರಡು ಸಲ ಆಂಟೆನಾ ಕೇಬಲ್ ಬದಲಿಸಿ ದುಡ್ಡು ಕಳೆದುಕೊಂಡವನು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಹೊಲದಲ್ಲಿ ಕಂಬ ಹಿಡಿದು ನಿಲ್ಲಲಾಗದೆ ಕೆಲಸವನ್ನು ಸಂಜೆಗೆ ತಳ್ಳುತ್ತೇವೆ. ತೊಂದರೆ ಹುಟ್ಟುವುದೂ ಅದೇ ಹೊತ್ತಿನಲ್ಲಿ.

2024ರ ಮಾರ್ಚ್‌ನಲ್ಲಿ ಚಿತ್ತಾಪುರದ ಹತ್ತಿರ, ತೊಗರಿ ಕಿತ್ತು ಬಯಲಾಗಿದ್ದ ಹೊಲದಲ್ಲಿದ್ದೆ. ಏಳೂವರೆಯವರೆಗೆ ‘ಫಿಕ್ಸ್’, ಅಂದರೆ ಸೆಂಟಿಮೀಟರ್ ಮಟ್ಟದ ಸ್ಥಾನ, ಗಟ್ಟಿಯಾಗಿತ್ತು. ಆಮೇಲೆ ಅಷ್ಟು ನಿಖರವಲ್ಲದ ‘ಫ್ಲೋಟ್’, ಮತ್ತೆ ಫಿಕ್ಸ್, ಮತ್ತೆ ಫ್ಲೋಟ್. ಪರದೆಯ ಮೇಲೆ ನಾಲ್ಕೈದು ಉಪಗ್ರಹಗಳ ಸಿಗ್ನಲ್ ಬಲ ತೋರಿಸುವ ಪಟ್ಟಿಗಳು ಗಾಳಿಗೆ ಸಿಕ್ಕ ದೀಪದಂತೆ ಏರಿಳಿಯುತ್ತಿದ್ದವು, ಉಳಿದವು ಅಲ್ಲಾಡಲಿಲ್ಲ. ಹೊಲದ ಯಜಮಾನರು ‘ದೀಪ ಹಚ್ಚುವ ಹೊತ್ತಿನಲ್ಲಿ ಭೂಮಿ ಅಳೆಯಬಾರದು’ ಎಂದರು. ಕಾರಣ ಬೇರೆ ಇರಬಹುದು, ಸಲಹೆಯಂತೂ ಸರಿಯಾಗಿತ್ತು. ಮರುದಿನ ಬೆಳಗ್ಗೆ ಆರಕ್ಕೆ ಅದೇ ಗಡಿಕಲ್ಲಿನ ಮೇಲೆ ಒಂದು ನಿಮಿಷದೊಳಗೆ ಫಿಕ್ಸ್ ಸಿಕ್ಕಿತು.

ಕಾರಣ ಇರುವುದು ಮೋಡಕ್ಕಿಂತ ಬಹಳ ಮೇಲೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ, ಅವುಗಳ ಸಿಗ್ನಲ್ ನೆಲಕ್ಕೆ ಬರುವಾಗ ವಾತಾವರಣದ ಮೇಲ್ಭಾಗದ ಅಯಾನುಗೋಳ ಎಂಬ ಪದರವನ್ನು ದಾಟಬೇಕು. ಅಲ್ಲಿ ಸೂರ್ಯನ ಕಿರಣ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸಿರುತ್ತದೆ. ನಮಗೆ ಸೂರ್ಯ ಮುಳುಗಿದ ಮೇಲೂ 300 ಕಿ.ಮೀ. ಎತ್ತರದಲ್ಲಿ ಸುಮಾರು ಒಂದು ಗಂಟೆ ಬಿಸಿಲು ಉಳಿದಿರುತ್ತದೆ. ಕತ್ತಲಾದಾಗ ಕೆಳಗಿನ ಎಲೆಕ್ಟ್ರಾನ್‌ಗಳು ಬೇಗ ಕರಗುತ್ತವೆ, ಮೇಲಿನವು ಉಳಿಯುತ್ತವೆ. ಕೆಳಗೆ ತೆಳು, ಮೇಲೆ ದಟ್ಟ. ಎಣ್ಣೆಯ ಮೇಲೆ ನೀರು ಹೊಯ್ದರೆ ಎಣ್ಣೆ ಸುಮ್ಮನಿರುತ್ತದೆಯೇ? ಹಾಗೆಯೇ ತೆಳು ಭಾಗ ಗುಳ್ಳೆಯಾಗಿ ಮೇಲೇಳುತ್ತದೆ. ಪ್ಲಾಸ್ಮಾ ಗುಳ್ಳೆ ಎನ್ನುವುದು ಇದನ್ನೇ.

ಗುಳ್ಳೆ ಹುಟ್ಟುವುದು ಭೂಕಾಂತೀಯ ಸಮಭಾಜಕದ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ರೇಖೆ) ಮೇಲೆ, ಅಂದರೆ ಭಾರತದ ದಕ್ಷಿಣ ತುದಿಯ ಕಡೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಮೊದಲ ರಾಕೆಟ್ ಹಾರಿಸಿದ್ದು ಆ ರೇಖೆ ಅಲ್ಲೇ ಹತ್ತಿರ ಹಾದುಹೋಗುತ್ತಿತ್ತೆಂದೇ. ‘ಕನ್ಯಾಕುಮಾರಿಯ ಗುಳ್ಳೆ ಕಲಬುರಗಿಗೇಕೆ?’ ಎಂದು ನಾನೂ ಕೇಳಿದ್ದೆ. ಅದು ಕಾಂತರೇಖೆಗಳನ್ನು ಹಿಡಿದು ಉದ್ದಕ್ಕೆ ಚಾಚಿಕೊಳ್ಳುತ್ತದೆ. ಮೇಲಕ್ಕೆ ಏರಿದಷ್ಟೂ ಅದರ ತುದಿ ಉತ್ತರಕ್ಕೆ, ನಮ್ಮ ನೆತ್ತಿಯತ್ತ ಬರುತ್ತದೆ.

ಅದರ ಅಂಚಿನಲ್ಲಿ ಕೆಲವು ನೂರು ಮೀಟರ್ ಅಳತೆಯ ಏರುಪೇರುಗಳಿರುತ್ತವೆ. ಗಾಳಿಯ ಏರುಪೇರಿನಿಂದ ನಕ್ಷತ್ರ ಮಿನುಗುವಂತೆ ಇವುಗಳಿಂದ ಉಪಗ್ರಹದ ಸಿಗ್ನಲ್ ಮಿನುಗುತ್ತದೆ, ಅದರ ಅಲೆಯ ಹಂತ (ಏರಿಳಿತದಲ್ಲಿ ಅಲೆ ಎಲ್ಲಿದೆ ಎಂಬುದು) ಜಿಗಿಯುತ್ತದೆ. ಸೆಂಟಿಮೀಟರ್ ನಿಖರತೆಗೆ ರೋವರ್ ಆ ಹಂತವನ್ನೇ ಎಣಿಸುತ್ತಿರುತ್ತದೆ; ಎಣಿಕೆ ತಪ್ಪಿತೋ, ಮೊದಲಿನಿಂದ ಶುರು. ದಾರಿ ತೋರಿಸುವ ಮೊಬೈಲ್‌ಗೆ ಇದು ಅಷ್ಟಾಗಿ ತಟ್ಟದು.

ಎರಡು ಆವರ್ತನದ ರಿಸೀವರ್ ಕಾಪಾಡುತ್ತದೆ ಎಂದು ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. ಸಿಗ್ನಲ್ ತಡವಾಗಿ ಬಂದದ್ದನ್ನು ಅದು ಲೆಕ್ಕಹಾಕಿ ಕಳೆಯುತ್ತದೆ, ಮಿನುಗನ್ನು ತಡೆಯಲಾರದು. ಆವರ್ತನ ಇಳಿದಷ್ಟೂ ಮಿನುಗು ಹೆಚ್ಚು, ಆದ್ದರಿಂದ ಜಿಪಿಎಸ್ ಕಳಿಸುವ ಆವರ್ತನಗಳಲ್ಲಿ 1575.42 ಮೆಗಾಹರ್ಟ್ಸ್‌ನ ಎಲ್1ಗಿಂತ 1176.45ರ ಎಲ್5ಗೆ ಏಟು ಜೋರು. ಜಿಪಿಎಸ್‌ನಂತೆಯೇ ನಮ್ಮ ದೇಶದ್ದಾದ ನಾವಿಕ್ ಉಪಗ್ರಹ ವ್ಯವಸ್ಥೆಯ ಎಸ್ ಬ್ಯಾಂಡ್ 2492 ಮೆಗಾಹರ್ಟ್ಸ್ ಆಸುಪಾಸಿನದು, ಅದಕ್ಕೆ ಪೆಟ್ಟು ಕಡಿಮೆ. ಆದರೆ ಅದನ್ನು ಹಿಡಿಯುವ ರೋವರ್ ನನ್ನ ಕೈಗೆ ಬಂದಿಲ್ಲ.

ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕಾಟ ಹೆಚ್ಚು: ಹಗಲು–ರಾತ್ರಿ ಸಮವಾಗುವ ವಿಷುವದ ಆಸುಪಾಸಿನಲ್ಲಿ ಕಾಂತರೇಖೆಯ ಎರಡೂ ತುದಿಗಳಲ್ಲಿ ಒಟ್ಟಿಗೆ ಕತ್ತಲಾಗುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇನ್ನೂ ಹೆಚ್ಚು. ಸೌರಚಕ್ರ (ಸೂರ್ಯನ ಚುರುಕು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುವುದು) ಗರಿಷ್ಠ ಅವಧಿ ತಲುಪಿದೆಯೆಂದು ನಾಸಾ ಪ್ರಕಟಿಸಿದ್ದು 2024ರ ಅಕ್ಟೋಬರ್‌ನಲ್ಲಿ.

ಈಗ ಆ ತಿಂಗಳುಗಳಲ್ಲಿ ನಸುಕಿಗೇ ಹೊಲಕ್ಕಿಳಿದು ಹತ್ತರೊಳಗೆ ಮುಗಿಸುತ್ತೇನೆ. ರಾತ್ರಿ ಅಳೆಯಲೇಬೇಕಾದರೆ ಉಪಗ್ರಹವಾರು ಸಿಗ್ನಲ್ ಬಲ ತೋರಿಸುವ ಪುಟ ತೆರೆದಿಡಿ. ಕೆಲವು ಕುಣಿದು ಉಳಿದವು ನೆಟ್ಟಗಿದ್ದರೆ ಗುಳ್ಳೆ. ಊಟ ಮುಗಿಸಿ, ಮಧ್ಯರಾತ್ರಿ ಕಳೆದ ಮೇಲೆ ನೋಡಿ. ಹಗಲಲ್ಲೂ ಎಲ್ಲ ಉಪಗ್ರಹಗಳ ಬಲ ಒಟ್ಟಿಗೆ ಕುಸಿದಿದ್ದರೆ ಮಾತ್ರ ಕೇಬಲ್ ಬಿಚ್ಚಿ.