‘ಪುಟ್ಟ’ ಎಂದರೆ ಎಷ್ಟು ಇಂಚು?

ಡೊಂಬಿವಲಿಯಿಂದ ಬರೆದ ಯುವ ಲೇಖಕರಿಗೆ, ನಮಸ್ಕಾರ.

‘ಪುಟ್ಟ ಮನೆಗೆ ಪುಟ್ಟ ಲೋಚ್‌ಗಳು’ ಎಂಬ ನಿಮ್ಮ ಲೇಖನ ತಲುಪಿ ಮೂರು ವಾರಗಳಾದವು. ಮನೆಯ ಸಣ್ಣ ಅಕ್ವೇರಿಯಂಗೆ ಲೋಚ್ ಎಂಬ ಮೀಸೆಯ ಮೀನುಗಳನ್ನು, ಅಂದರೆ ನೀರಿನ ತಳದಲ್ಲೇ ಓಡಾಡಿಕೊಂಡಿರುವ ಆ ಜಾತಿಯನ್ನು, ಹೇಗೆ ಆರಿಸಿಕೊಳ್ಳಬೇಕೆಂದು ನೀವು ಅದರಲ್ಲಿ ಹೇಳಲು ಹೊರಟಿದ್ದೀರಿ. ಎಂದಿನಂತೆ ಎರಡು ಸಾಲಿನ ವಿಷಾದಪತ್ರದೊಂದಿಗೆ ಅದನ್ನು ಮರಳಿಸಬಹುದಿತ್ತು. ಆದರೆ ಓದಿ ಮುಗಿಸುವಷ್ಟರಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಮತ್ತು ಸಂಪಾದಕನಿಗೆ ಸಿಟ್ಟು ಬರಿಸುವ ಲೇಖನಗಳು ನಮ್ಮ ಸಣ್ಣ ಮಾಸಪತ್ರಿಕೆಗೆ ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು. ಆದ್ದರಿಂದ ಉದ್ದವಾಗಿಯೇ ಉತ್ತರಿಸುತ್ತಿದ್ದೇನೆ. ನಿಮ್ಮ ಹೆಸರು ಬಿಟ್ಟು ಇದನ್ನು ಈ ಅಂಕಣದಲ್ಲಿ ಅಚ್ಚಿಗೂ ಕೊಡುತ್ತೇನೆ.

ಮೊದಲು ಮೆಚ್ಚುಗೆ. ನಿಮ್ಮ ಕಾಗುಣಿತ ಶುದ್ಧವಾಗಿದೆ, ಲಕಾರ-ಳಕಾರಗಳು ತಮ್ಮ ತಮ್ಮ ಜಾಗದಲ್ಲಿವೆ, ಮತ್ತು ಮಳೆಯ ಮೇಲಿನ ಹಾಗೂ ಬಿಟ್ಟುಬಂದ ಊರಿನ ಮೇಲಿನ ಕವಿತೆಗಳೇ ತುಂಬಿಕೊಂಡಿರುವ ನನ್ನ ಮೇಜಿಗೆ ಒಂದು ಮೀನು ಬಂತಲ್ಲ ಎಂಬುದೇ ಸಂತೋಷ. ಗಿಡ, ದೀಪ, ಹಿಂಬದಿಗೆ ಅಂಟಿಸುವ ಚಿತ್ರ ಇವುಗಳ ಬಗ್ಗೆ ನೀವು ಬರೆದ ಎರಡು ಪುಟಗಳ ತಂಟೆಗೆ ನಾನು ಹೋಗುವುದಿಲ್ಲ.

ಈಗ ನಿಮ್ಮ ಮೊದಲ ವಾಕ್ಯ: ‘ಮುಂಬಯಿಯ ಪುಟ್ಟ ಮನೆಯ ಪುಟ್ಟ ತೊಟ್ಟಿಗೆ ಕ್ಲೌನ್ ಲೋಚ್ ಎಂಬ ಪುಟ್ಟ, ಮುದ್ದಾದ ಮೀನಿಗಿಂತ ಹೇಳಿ ಮಾಡಿಸಿದ ಅತಿಥಿ ಇನ್ನೊಂದಿಲ್ಲ.’ ಒಂದು ವಾಕ್ಯದಲ್ಲಿ ಮೂರು ಪುಟ್ಟ. ಇಡೀ ಲೇಖನದಲ್ಲಿ ಎಣಿಸಿದೆ, ಹದಿನೇಳು. ಆದರೆ ತೊಟ್ಟಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದು ಎಲ್ಲಿಯೂ ಇಲ್ಲ. ನೀವು ಲಗತ್ತಿಸಿದ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿ, ಚಪ್ಪಲಿಗೂಡಿನ ಮೇಲೆ ಕೂತಿರುವ ಆ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಎಂದು ನಾನೇ ಅಂದಾಜು ಮಾಡಬೇಕಾಯಿತು. ಅಂಥ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಎರಡು ಇಂಚಿನ ಮರಳನ್ನೂ ಮೇಲೆ ಬಿಡುವ ಒಂದೂವರೆ ಇಂಚಿನ ಜಾಗವನ್ನೂ ಕಳೆದರೆ ಉಳಿಯುವುದು ಸುಮಾರು 40 ಲೀಟರ್. ಓದುಗನಿಗೆ ಬೇಕಾಗಿದ್ದದ್ದು ಈ ನಲವತ್ತು. ನೀವು ಕೊಟ್ಟದ್ದು ‘ಪುಟ್ಟ’.

ಮೀನಿನ ವಿಷಯದಲ್ಲಿ ಈ ‘ಪುಟ್ಟ’ ಬರೀ ಅಸ್ಪಷ್ಟವಲ್ಲ, ಸುಳ್ಳು. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆ ಬಳಿದಂತಿರುವ ಕ್ಲೌನ್ ಲೋಚ್ ಸುಮಾತ್ರಾ ಮತ್ತು ಬೋರ್ನಿಯೋ ದ್ವೀಪಗಳ ನದಿಗಳ ಮೀನು. ಕುರ್ಲಾದಲ್ಲಾಗಲಿ ಕ್ರಾಫರ್ಡ್ ಮಾರ್ಕೆಟಿನಲ್ಲಾಗಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವಾಗ ಅದು ಎರಡು ಇಂಚಿನ ಮರಿ, ಬೆಳೆದರೆ 20ರಿಂದ 30 ಸೆಂಟಿಮೀಟರ್. ಅಂದರೆ ಪೂರ್ತಿ ಬೆಳೆದ ಮೀನೊಂದು ನಿಮ್ಮ ತೊಟ್ಟಿಯ ಅಗಲಕ್ಕೆ ಅಡ್ಡ ನಿಂತರೆ ಮೂತಿ ಒಂದು ಗಾಜಿಗೆ, ಬಾಲ ಇನ್ನೊಂದು ಗಾಜಿಗೆ ತಾಗೀತು. ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು, ಒಂಟಿಯಾಗಿ ಬದುಕುವ ಮೀನೂ ಅಲ್ಲ. ಐದಾರರ ಗುಂಪು ಬೇಕು, ಆ ಗುಂಪಿಗೆ ಆರಡಿ ಉದ್ದದ ತೊಟ್ಟಿ ಬೇಕು. ನಿಮ್ಮ ಮಾತು ನಂಬಿ ಅದನ್ನು ತಂದವನು ಎರಡು ವರ್ಷದ ಬಳಿಕ ಮೀನನ್ನು ಕೊಡುವುದಾದರೂ ಯಾರಿಗೆ?

‘ತಲಾ ಒಂದರಂತೆ ನಾಲ್ಕು ಬಗೆಯ ವಿದೇಶಿ ಲೋಚ್‌ಗಳನ್ನು ತಂದರೆ ತೊಟ್ಟಿ ಬಣ್ಣ ಬಣ್ಣವಾಗಿ ಕಂಗೊಳಿಸುತ್ತದೆ’ ಎಂಬ ಮುಂದಿನ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಲೋಚ್‌ಗಳಲ್ಲಿ ಬಹುಪಾಲು ತಮ್ಮವರ ಜೊತೆಗೇ ಇರಬಯಸುವಂಥವು. ಒಂಟಿ ಲೋಚ್ ಒಂದೋ ಕಲ್ಲಿನ ಸಂದಿಯಲ್ಲಿ ಅಡಗಿ ಹೊರಗೇ ಬರುವುದಿಲ್ಲ, ಇಲ್ಲವೇ ಉಳಿದ ಮೀನುಗಳ ರೆಕ್ಕೆ ಕಚ್ಚಲು ತೊಡಗುತ್ತದೆ. ಇನ್ನು ‘ವಿದೇಶಿ’ ಎಂಬ ಮಾತು. ನೀವು ಹೆಸರಿಸಿದ ನಾಲ್ಕರಲ್ಲಿ ಯೋಯೋ ಲೋಚ್ ಉತ್ತರ ಭಾರತದ ನದಿಗಳದ್ದು. ಮೈಮೇಲಿನ ಗೆರೆಗಳು ಇಂಗ್ಲಿಷಿನ ವೈ ಮತ್ತು ಓ ಅಕ್ಷರಗಳಂತೆ ಕಾಣುವುದರಿಂದ ಅದಕ್ಕೆ ಆ ಹೆಸರು, ಐದಾರು ಇಂಚು ಬೆಳೆಯುವುದರಿಂದ ಎರಡಡಿಯ ತೊಟ್ಟಿಗೆ ಅದೂ ಸಲ್ಲದು. ಜೀಬ್ರಾ ಲೋಚ್ ಅಂತೂ ನಮ್ಮ ಪಶ್ಚಿಮ ಘಟ್ಟಗಳ ಹೊಳೆಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲೂ ಹುಟ್ಟುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ ಅವರು ತುಂಗಾ ನದಿಯ ಆ ಮೀನನ್ನು 1920ರಲ್ಲಿ ಬೋಟಿಯಾ ಸ್ಟ್ರಿಯಾಟಾ ಎಂದು ಹೆಸರಿಟ್ಟು ವಿಜ್ಞಾನಕ್ಕೆ ಪರಿಚಯಿಸಿದರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ ಆದದ್ದರಿಂದ ನನಗೆ ಅವರ ಮೇಲೆ ಸ್ವಲ್ಪ ಪಕ್ಷಪಾತವಿದೆ ಎಂದು ಬೇಕಾದರೆ ತಿಳಿಯಿರಿ. ಶಿವಮೊಗ್ಗ ಸೀಮೆಯಿಂದ ಬಂದ ಮನೆತನ ನಮ್ಮದು ಎಂದು ಪತ್ರದಲ್ಲಿ ಹೆಮ್ಮೆಯಿಂದ ಬರೆದುಕೊಂಡ ನೀವು ತುಂಗೆಯ ಮೀನನ್ನು ವಿದೇಶಿ ಎಂದಿದ್ದೀರಿ. ಅದು ಅಳಿವಿನಂಚಿನ ಪಟ್ಟಿಯಲ್ಲಿದೆ ಎಂಬುದನ್ನೂ, ಹೊಳೆಯಿಂದಲೇ ಹಿಡಿದು ಅಕ್ವೇರಿಯಂ ವ್ಯಾಪಾರಕ್ಕೆ ಕಳಿಸುತ್ತಿರುವುದು ಅದಕ್ಕೊಂದು ಕಾರಣ ಎಂಬುದನ್ನೂ, ಹಾಗಾಗಿ ಕೊಳ್ಳುವವನು ಅಂಗಡಿಯಲ್ಲಿ ‘ಇದು ಎಲ್ಲಿಂದ ಬಂತು’ ಎಂದು ಕೇಳಬೇಕು ಎಂಬುದನ್ನೂ ನೀವು ಹೇಳಲೇಬೇಕಿತ್ತು.

ಇಷ್ಟಕ್ಕೇ ಮುಗಿದಿದ್ದರೆ ‘ಅಂಕಿ ಸೇರಿಸಿ ಕಳಿಸಿ’ ಎಂದು ಬರೆದು ಸುಮ್ಮನಾಗುತ್ತಿದ್ದೆ. ಈ ಅಂಕಿಯ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಅಚ್ಚುಮೊಳೆ ಜೋಡಿಸುವ ಕಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಾಗ ಅಂಟಿಕೊಂಡದ್ದು. ಮಾಟುಂಗದ ಒಂದು ಯಕ್ಷಗಾನಕ್ಕೆ ನನ್ನನ್ನು ಕಳಿಸಿದ್ದರು. ‘ಕಿಕ್ಕಿರಿದ ಪ್ರೇಕ್ಷಕರು’ ಎಂದು ವರದಿ ಶುರು ಮಾಡಿದ್ದೆ. ನಮ್ಮ ಹಿರಿಯ ಸಂಪಾದಕರು ಕನ್ನಡಕ ಹಣೆಗೇರಿಸಿ, ‘ಕುರ್ಚಿ ಎಷ್ಟಿತ್ತು ಮಾರಾಯ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮರುದಿನ ಲೋಕಲ್ ಹಿಡಿದು ಹೋಗಿ, ಗುಡಿಸುತ್ತಿದ್ದವರ ಕಾಲಿಗೆ ಸಿಕ್ಕಿಕೊಳ್ಳುತ್ತ ಕುರ್ಚಿಗಳನ್ನು ಎಣಿಸಿ ಬಂದೆ, 212. ‘ಅದರಲ್ಲಿ ಕೂತವರು ಎಷ್ಟು ಮಂದಿ?’ ಎಂದರು. ಸಾಲು ಹೊಡೆದು ಹಾಕಿದರು. ನಮ್ಮ ಕಂಪೋಸಿಟರ್‌ಗೆ ಮಾತ್ರ ಅದರಿಂದ ಖುಷಿಯೋ ಖುಷಿ, ಏಕೆಂದರೆ ಒತ್ತಕ್ಷರದ ಮೊಳೆಗಳು ಆತನ ಬಳಿ ಸದಾ ಕಡಿಮೆ. ನಿಮ್ಮ ಹದಿನೇಳು ‘ಪುಟ್ಟ’ಗಳನ್ನು ಕಂಡಿದ್ದರೆ ಟಕಾರದ ಒತ್ತು ಎಲ್ಲಿಂದ ತರಲಿ ಎಂದು ಆತ ಪ್ರೆಸ್ಸು ಬಿಟ್ಟೇ ಹೋಗುತ್ತಿದ್ದನೇನೋ.

ನನ್ನ ಸಿಟ್ಟಿಗೆ ನಿಜವಾದ ಕಾರಣ ನಿಮ್ಮ ಮೂರನೆಯ ಪುಟದಲ್ಲಿದೆ. ‘ತಳದಲ್ಲಿ ಬಿದ್ದ ಎಂಜಲನ್ನೂ ಹೊಲಸನ್ನೂ ತಿಂದು ಬದುಕುವ ಲೋಚ್ ನಮ್ಮ ಸಂಬಳವಿಲ್ಲದ ಕ್ಲೀನರ್, ಅದಕ್ಕೆ ಬೇರೆ ಆಹಾರ ಹಾಕುವ ಗೋಜಿಲ್ಲ. ಅದರಲ್ಲೂ ಕೂಲಿ ಲೋಚ್, ಹೆಸರೇ ಹೇಳುವಂತೆ, ಕೂಲಿಯವನ ಹಾಗೆ ದುಡಿಯುತ್ತದೆ. ಆದರೆ ಹಾವಿನಂತೆ ಕಾಣುವುದರಿಂದ ಕೆಲವರಿಗೆ ಹೇಸಿಗೆ.’

ಮೊದಲು ಹೆಸರಿನದ್ದೇ ಇತ್ಯರ್ಥವಾಗಲಿ. ಆ ಮೀನಿಗೂ ಕೂಲಿಗೂ ಸಂಬಂಧವಿಲ್ಲ. 1821ರಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬುವ ಮೊದಲೇ, ಜಾವಾದಲ್ಲಿ ತೀರಿಕೊಂಡ ಹೈನ್‌ರಿಚ್ ಕೂಲ್ ಎಂಬ ಜರ್ಮನ್ ಪ್ರಕೃತಿಶಾಸ್ತ್ರಜ್ಞನ ಹೆಸರು ಅದು. ಕನ್ನಡದಲ್ಲಿ ಬರೆದಾಗ ಕೂಲಿ ಎಂದು ಕಂಡಿತೆಂದು ಅದರ ತಲೆಯ ಮೇಲೆ ಬುಟ್ಟಿ ಹೊರಿಸುವ ಮೊದಲು ಒಮ್ಮೆ ನಿಘಂಟನ್ನೋ ಮೀನಿನ ಪುಸ್ತಕವನ್ನೋ ತೆರೆಯಬೇಕಿತ್ತು.

ಮತ್ತೆ ‘ಹೊಲಸು ತಿಂದು ಬದುಕುವ’. ಯಾವ ಲೋಚ್ ಕೂಡ ಬೇರೆ ಮೀನಿನ ಹಿಕ್ಕೆಯನ್ನು ತಿಂದು ಬದುಕುವುದಿಲ್ಲ. ಅದು ಮೀಸೆಗಳಿಂದ ಮರಳನ್ನು ತಡಕಾಡಿ ಹುಳು, ಸಣ್ಣ ಕೀಟ, ಬಿದ್ದ ಕಾಳನ್ನು ಹುಡುಕುತ್ತದೆ. ಕ್ಲೌನ್, ಜೀಬ್ರಾ ಮುಂತಾದವು ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುತ್ತವೆ. ಮೇಲಿನ ಮೀನುಗಳು ಬಿಟ್ಟ ಚೂರುಗಳಷ್ಟೇ ಅದಕ್ಕೆ ಸಾಕೆಂದುಕೊಂಡರೆ ಹೊಟ್ಟೆ ಒಳಕ್ಕೆ ಹೋಗಿ, ಬೆನ್ನು ಚೂರಿಯಂತೆ ತೆಳ್ಳಗಾಗಿ, ಕೆಲವು ತಿಂಗಳಲ್ಲಿ ಸಾಯುತ್ತದೆ. ದೀಪ ಆರಿಸಿದ ಮೇಲೆ ಮುಳುಗುವ ಕಾಳನ್ನು ಅದಕ್ಕೆಂದೇ ಹಾಕಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1983ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಕೋಟೆ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿಕೊಂಡೆ. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ, ಮರಳಿದ ಮೇಲೆ ಉಳಿದ ಕೆಲಸ. ಗಲ್ಲಾದ ಪಕ್ಕದಲ್ಲಿ ಧಣಿಗಳು ಒಂದು ಮೀನಿನ ತೊಟ್ಟಿ ಇರಿಸಿದ್ದರು, ಅದರಲ್ಲಿ ಒಂದೇ ಒಂದು ಕ್ಲೌನ್ ಲೋಚ್ ಇತ್ತು. ಒಂದು ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ತೊಟ್ಟಿ ತೊಳೆಯಲು ಹೋದರೆ ಮೀನು ಪ್ಲಾಸ್ಟಿಕ್ ಪೆಟ್ಟಿಗೆಯ ಹಿಂದೆ ಮಗ್ಗುಲಾಗಿ ಬಿದ್ದಿತ್ತು. ಸತ್ತಿದೆಯೆಂದು ಬಲೆ ಹಾಕಿ ಎತ್ತಿದೆ. ಎತ್ತಿದ್ದೇ ತಡ, ‘ಟಕ್’ ಎಂಬ ಸದ್ದು. ಕಣ್ಣಿನ ಕೆಳಗಿನಿಂದ ಒಂದು ಮುಳ್ಳು ಹೊರಟು ಬಲೆಯ ನೂಲಿಗೆ ಕಚ್ಚಿಕೊಂಡಿತು, ಬಿಡಿಸಲು ಹೋದ ನನ್ನ ಹೆಬ್ಬೆರಳಿಗೂ ಚುಚ್ಚಿತು. ಹಾಲಿನ ಪಾಕೀಟು ಕತ್ತರಿಸುವ ಕತ್ತರಿಯಿಂದ ಬಲೆಯನ್ನೇ ಕತ್ತರಿಸಿ ಅದನ್ನು ನೀರಿಗೆ ಬಿಟ್ಟೆ. ಮಗ್ಗುಲಾಗಿ ಬಿದ್ದುಕೊಳ್ಳುವುದು ಆ ಮೀನು ಮಲಗುವ ರೀತಿ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನೀವು ‘ಒಂದು ಮುಳ್ಳೂ ಇಲ್ಲದ ಸಾಧು’ ಎಂದು ಬರೆದಲ್ಲಿ ನನ್ನ ಕೆಂಪು ಶಾಯಿಯ ಗೆರೆ ಎರಡು ಬಾರಿ ಬಿದ್ದಿರುವುದಕ್ಕೆ ಆ ಹೆಬ್ಬೆರಳೇ ಕಾರಣ.

ಅದು ಬದುಕಲಿಲ್ಲ. ಉಳಿದ ಮೀನುಗಳಿಗೆ ದಿನಕ್ಕೆರಡು ಬಾರಿ ತೇಲುವ ಕಾಳು ಬೀಳುತ್ತಿತ್ತು, ‘ಅದು ಕ್ಲೀನರ್ ಮೀನು, ಎಂಜಲು ತಿಂದುಕೊಳ್ಳುತ್ತದೆ’ ಎಂದು ಇದಕ್ಕೆ ಯಾರೂ ಏನೂ ಹಾಕುತ್ತಿರಲಿಲ್ಲ. ನವರಾತ್ರಿಯ ಹೊತ್ತಿಗೆ ಅದರ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಅದೇ ದಿನಗಳಲ್ಲಿ ಗಿರಾಕಿಯೊಬ್ಬರು, ತಟ್ಟೆಯಲ್ಲಿ ಬಿಟ್ಟ ಅರ್ಧ ವಡೆಯನ್ನು ತೋರಿಸಿ, ‘ಇದನ್ನೆಲ್ಲ ನೀವೇ ತಿನ್ನುವುದಲ್ಲವೇ?’ ಎಂದು ನನ್ನನ್ನು ಕೇಳಿದ್ದರು. ಕುಹಕದಿಂದಲ್ಲ, ತಿಳಿಯುವ ಕುತೂಹಲದಿಂದ. ನಮಗೆ ಹನ್ನೊಂದು ಗಂಟೆಗೆ ಬಿಸಿ ಅನ್ನ, ಸಾರು, ಒಂದು ಪಲ್ಯ ಇರುತ್ತಿತ್ತು, ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಹೇಳಲು ಬಾಯಿ ಬರಲಿಲ್ಲ, ವಡೆ ಎತ್ತಿಕೊಂಡು ಒಳಗೆ ಹೋದೆ. ಆದ್ದರಿಂದ ‘ಸಂಬಳವಿಲ್ಲದ ಕ್ಲೀನರ್’ ನಿಮಗೆ ತಮಾಷೆಯ ಮಾತಾಗಿ ಹೊಳೆದಿರಬಹುದು, ನನ್ನ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ.

ವಿಚಿತ್ರವೆಂದರೆ, ನಿಮ್ಮ ಆ ಎರಡಡಿಯ ತೊಟ್ಟಿಗೆ ನಿಜವಾಗಿ ಒಪ್ಪುವ ಮೀನು ನೀವು ಹೇಸಿಗೆಯೆಂದು ಅರ್ಧ ಸಾಲಿನಲ್ಲಿ ದಾಟಿಸಿದ ಕೂಲಿ ಲೋಚ್. ಬೆಳೆದರೂ ಮೂರೂವರೆ ನಾಲ್ಕು ಇಂಚು, ಪೆನ್ಸಿಲ್ಲಿಗಿಂತ ದಪ್ಪವಿಲ್ಲ. ಆರನ್ನು ಒಟ್ಟಿಗೆ ತಂದರೂ 40 ಲೀಟರಿನಲ್ಲಿ ಅವಕ್ಕೆ ಇಕ್ಕಟ್ಟಾಗುವುದಿಲ್ಲ. ಚೂಪು ಜಲ್ಲಿಯ ಬದಲು ನುಣ್ಣನೆಯ ಮರಳು ಹಾಕಬೇಕು, ಇಲ್ಲದಿದ್ದರೆ ಮೀಸೆ ಸವೆಯುತ್ತದೆ. ಫಿಲ್ಟರಿನ ಬಾಯಿಗೆ ಸ್ಪಂಜು ಕಟ್ಟಬೇಕು, ಇಲ್ಲದಿದ್ದರೆ ಬೆಳಗ್ಗೆ ಮೀನು ಫಿಲ್ಟರಿನೊಳಗೆ ಸಿಗುತ್ತದೆ. ಮೇಲೆ ಮುಚ್ಚಳ ಬೇಕು. ಔಷಧಿ ಹಾಕುವಾಗಲೂ ಜೋಪಾನ, ಲೋಚ್‌ಗಳ ಹುರುಪೆ ಬಹಳ ಸಣ್ಣದಾದ್ದರಿಂದ ಉಳಿದ ಮೀನು ತಡೆದುಕೊಳ್ಳುವ ಪ್ರಮಾಣವನ್ನು ಅವು ತಡೆಯಲಾರವು. ಹಗಲು ಅವು ಕಾಣಿಸದಿದ್ದರೆ ಅಂಗಡಿಯವನನ್ನು ಬೈಯಬಾರದು, ಕತ್ತಲಾದ ಮೇಲೆ ಕುರ್ಚಿ ಹಾಕಿಕೊಂಡು ಕಾಯಬೇಕು. ನೀವು ಹಾಗೆ ಕಾದಿಲ್ಲ ಎಂಬುದು ನಿಮ್ಮ ಬರಹದಿಂದ ಗೊತ್ತಾಗುತ್ತದೆ, ಏಕೆಂದರೆ ನಾಲ್ಕು ಪುಟಗಳಲ್ಲಿ ಒಂದು ಮೀನೂ ಅಲುಗಾಡುವುದಿಲ್ಲ, ಬರೀ ಕಂಗೊಳಿಸುತ್ತದೆ.

ಲೇಖನವನ್ನು ಮರಳಿಸುತ್ತಿದ್ದೇನೆ, ತಿರಸ್ಕರಿಸುತ್ತಿಲ್ಲ. ಕೂಲಿ ಲೋಚ್ ಒಂದನ್ನೇ ಹಿಡಿದು ಎರಡು ಪುಟ ಬರೆಯಿರಿ, ತೊಟ್ಟಿಯ ಅಳತೆಯಿಂದ ಶುರು ಮಾಡಿ. ಈ ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಇನ್ನೊಂದು ಮಾತು. ಚಿತ್ರದಲ್ಲಿ ಕಾಣುವ ಆ ಕ್ಲೌನ್ ಲೋಚ್ ನಿಮ್ಮ ಮನೆಯದ್ದೇ ಆಗಿದ್ದರೆ, ಅದನ್ನು ತಂದು ಎಷ್ಟು ತಿಂಗಳಾಯಿತು, ಈಗ ಎಷ್ಟು ಇಂಚಿದೆ ಎಂದು ತಿಳಿಸಿ. ಗಾಜಿನ ಹೊರಗಿನಿಂದಲೇ ಸ್ಕೇಲ್ ಹಿಡಿದು ಅಳೆಯಿರಿ, ಬಲೆ ಹಾಕಬೇಡಿ.

ಇಂತಿ,
ಸಂಪಾದಕ